ಇಲ್ಲಿ ಶನಿವಾರವೇ ಯುಗಾದಿ

ಡಲ್ಲಾಸ್
ಏಪ್ರಿಲ್ 2, 2025

ಪ್ರೀತಿಯ ಅಪ್ಪ, ಅವ್ವನಿಗೆ ನಿಮ್ಮ ಮಗಳ ನಮಸ್ಕಾರಗಳು. ನಾವೆಲ್ಲ ಕ್ಷೇಮ.

ಶನಿವಾರ ಫೋನಿನಲ್ಲಿ, "ಅಮಾಸೆ ದಿನವೇ ಹಬ್ಬ ಮಾಡ್ಬುಟ್ರಾ?" ಅಂದೆಯಲ್ಲ ಅಪ್ಪ, ಅವತ್ತಿನ ಗದ್ದಲದಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ನಾವು ಮಾಡಿದ್ದು ಪಾಡ್ಯದ ದಿನವೇ. ಚಾಂದ್ರಮಾನ ಯುಗಾದಿಗೆ ಸೂರ್ಯ ಹುಟ್ಟುವಾಗ ಚೈತ್ರ ಶುದ್ಧ ಪಾಡ್ಯ ಇರಬೇಕು, ಅದೂ ನಾವಿರುವ ಊರಿನ ಸೂರ್ಯೋದಯಕ್ಕೆ. ಮಾರ್ಚ್ 29ರ ಶನಿವಾರ ನಿಮ್ಮಲ್ಲಿ ಅಮಾಸೆ ಕಳೆದದ್ದು ಸಂಜೆ ಸುಮಾರು 4.30ಕ್ಕೆ, ಹಾಗಾಗಿ ನಿಮಗೆ ಭಾನುವಾರ ಹಬ್ಬ. ಅದೇ ಗಳಿಗೆ ಇಲ್ಲಿ ಶನಿವಾರ ಬೆಳಗಿನ ಜಾವ 6 ಗಂಟೆ. ಸೂರ್ಯ ಹುಟ್ಟಿದ್ದು ಏಳೂಕಾಲರ ಹೊತ್ತಿಗೆ, ಅಷ್ಟರಲ್ಲಿ ಪಾಡ್ಯ ಬಂದಾಗಿತ್ತು. ಭಾನುವಾರಕ್ಕೆ ಕಾದಿದ್ದರೆ ಬೆಳಗಾಗುವ ಮೊದಲೇ ಬಿದಿಗೆ! ಇಲ್ಲಿನ ದೇವಸ್ಥಾನದಲ್ಲಿ ಈ ಊರಿಗೇ ಗುಣಿಸಿದ ಪಂಚಾಂಗ ಇದೆ. ವಿಶ್ವಾವಸು ಸಂವತ್ಸರದ ಫಲವನ್ನೂ ಶನಿವಾರವೇ ಓದಿದರು. ಊರಿನ ಕ್ಯಾಲೆಂಡರ್ ನೋಡಿ ಭಾನುವಾರ ಮಾಡಿದವರೂ ಇದ್ದಾರೆ, ನನಗೆ ಮಾತ್ರ ಅದು ಒಪ್ಪಿಗೆಯಿಲ್ಲ. ತಲೆ ಮೇಲಿರುವ ಸೂರ್ಯ ಚಂದ್ರರನ್ನು ನೋಡಿ ಮಾಡುವ ಹಬ್ಬ ಇದು. ಪಕ್ಕದ ಮನೆಯ ಮಂಗಳೂರಿನವರದು ಸೌರಮಾನ, ಅವರ ಯುಗಾದಿಯಾದ ಬಿಸುವಿಗೆ ಏಪ್ರಿಲ್ ನಡುವೆ ಕಣಿ, ಅಂದರೆ ಬೆಳಗ್ಗೆ ಎದ್ದ ಕೂಡಲೇ ನೋಡುವ ಹಣ್ಣು-ಕಾಯಿಯ ತಟ್ಟೆ, ಇಡುತ್ತಾರೆ.

ಎಲ್ಲರಿಗೂ ಹರಳೆಣ್ಣೆ ಹಚ್ಚಿ ನೀರು ಹಾಕಿದೆ. ಮಾವಿನೆಲೆ ಅಂಗಡಿಯಲ್ಲೇ ಸಿಕ್ಕಿತು. ಬೇವಿನ ಹೂವು ಸಿಗಲಿಲ್ಲ, ಎಲೆಯಲ್ಲೇ ಎಳೆಯದನ್ನು ಆರಿಸಿ ಬೆಲ್ಲದ ಜೊತೆ ಕುಟ್ಟಿದೆ. ನಮ್ಮ ಪುಟ್ಟನೋ ಬೆಲ್ಲವನ್ನಷ್ಟೇ ಚೀಪಿ, ಬೇವನ್ನು ನಾಲಿಗೆ ತುದಿಯಿಂದ ಹೊರಗೆ ತಳ್ಳಿದ. ಎರಡನ್ನೂ ಒಟ್ಟಿಗೇ ಅಗಿಯಬೇಕು ಕಂದ, ವರ್ಷದಲ್ಲಿ ಎರಡೂ ಬರ್ತವೆ ಅಂತ ಇನ್ನೊಂದು ಚೂರು ಇಟ್ಟೆ. ಮುಖ ಕಿವುಚಿಕೊಂಡೇ ನುಂಗಿದ.

ಶನಿವಾರ ಸಂಜೆ ಚಂದ್ರ ಕಾಣಲಿಲ್ಲ, ಅಮಾಸೆ ಕಳೆದು ಇನ್ನೂ ಒಂದು ದಿನವೂ ಆಗಿರಲಿಲ್ಲವಲ್ಲ. ಭಾನುವಾರ ಹೊಸತೊಡಕಿನ ಬಾಡೂಟ ಮುಗಿಸಿ ಪಡುವಲಿಗೆ ನಿಂತೆವು, ಕಂಡ. ಮಕ್ಕಳು ನಮ್ಮ ಕಾಲಿಗೆ ಬಿದ್ದರು. ನಾವು ನಿಮ್ಮಿಬ್ಬರನ್ನು ನೆನೆದು ಕೈ ಮುಗಿದೆವು.

ಹೊನ್ನೇರು ಒಂದು ಇಲ್ಲಿ ಮಾಡಲಾಗದು. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ನೇಗಿಲಿಗೆ ಪೂಜೆ ಮಾಡಿ ವರ್ಷದ ಮೊದಲ ಸಾಲು ಹೊಡೆಯುವುದನ್ನು ಪುಟ್ಟ ಇನ್ನೂ ನೋಡಿಲ್ಲ. ಈ ಸಲ ಯಾರ ಎತ್ತು ಮುಂದೆ ಹೋದವು? ಮುಂದಿನ ಯುಗಾದಿ ಮಾರ್ಚ್ 19ಕ್ಕೆ. ಅವನಿಗೆ ಸ್ಕೂಲು ರಜೆ ಹಾಕಿಸಿಯಾದರೂ ಕರೆದುಕೊಂಡು ಬರ್ತೀನಿ, ನೇಗಿಲ ಹಿಂದೆ ನಾಲ್ಕು ಹೆಜ್ಜೆ ನಡೆಸಪ್ಪ.

ಇಂತಿ ನಿಮ್ಮ ಮಗಳು