ಫೀಸಿನ ಚೀಟಿ ಯಾರ ಕೈಗೆ ಕೊಡಬೇಕು?

ಕರ್ನಾಟಕ ಸರ್ಕಾರದ ಕಾನೂನು ಸಚಿವರಿಗೆ,

ಮಾನ್ಯರೇ, ನಮಸ್ಕಾರ.

ನಾನು 9 ವರ್ಷದ ಹುಡುಗಿಯ ಅಪ್ಪ. ಅವಳ ಅಮ್ಮ ಮತ್ತು ನಾನು ಬೇರೆಯಾಗಿ ಮೂರು ವರ್ಷವಾಯಿತು. ಮಗಳು ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ. ಕೋರ್ಟಿಗೆ ನಾವಿಬ್ಬರೂ ಒಪ್ಪಿ ಬರೆದುಕೊಟ್ಟ ಪತ್ರದಲ್ಲಿ ದೀಪಾವಳಿ ಯಾರ ಮನೆಯಲ್ಲಿ, ಬೇಸಿಗೆ ರಜೆ ಯಾರ ಪಾಲಿಗೆ ಎಂಬುದೆಲ್ಲ ಇದೆ. ದುಡ್ಡಿನ ಬಗ್ಗೆ ಇರುವುದು ಒಂದೇ ಸಾಲು: ಖರ್ಚನ್ನು ಇಬ್ಬರೂ ಸಮನಾಗಿ ಭರಿಸತಕ್ಕದ್ದು.

ಆಗ ನನಗದು ಸರಿಯಾಗಿಯೇ ಕಂಡಿತ್ತು. ಅರ್ಧ ತಿಂಗಳು ನನ್ನ ಹತ್ತಿರವೇ ಇರುತ್ತಾಳಲ್ಲ, ಮತ್ತೆ ಜೀವನಾಂಶ ಯಾಕೆ ಅಂತ ವಾದ ಮಾಡಿದವನೂ ನಾನೇ. ಆದರೆ ನನ್ನ ಸಂಬಳ ಅವಳ ಅಮ್ಮನ ಸಂಬಳದ ಮೂರು ಪಟ್ಟು. ಸ್ಕೂಲ್ ಫೀಸಿನ ಅರ್ಧ ಅಂದರೆ ನನಗೆ 15 ದಿನದ ಸಂಬಳ, ಅವರಿಗೆ ಒಂದೂವರೆ ತಿಂಗಳದ್ದು. ಮನೆ ಎರಡಾದರೆ ಖರ್ಚೇನೂ ಅರ್ಧ ಆಗಲ್ಲ. ಮಂಚ ಎರಡು, ಶೂ ಎರಡು ಜೊತೆ, ರೇನ್‌ಕೋಟ್ ಎರಡು. (ಮಳೆ ಬಂದ ದಿನ ಎರಡೂ ಇನ್ನೊಂದು ಮನೆಯಲ್ಲೇ ಇರುತ್ತವೆ, ಅದು ಬೇರೆ ಮಾತು.)

ಕಳೆದ ಜೂನ್‌ನಲ್ಲಿ ಮಗಳು ಜಾಮಿಟ್ರಿ ಬಾಕ್ಸಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆದಳು. ಸ್ಕೂಲ್ ವ್ಯಾನಿನ ಬಾಕಿ. ತಾರೀಖು ನೋಡಿದರೆ 12 ದಿನ ಹಳೆಯದು. "ಅಪ್ಪಾ, ಇದನ್ನ ನಿಂಗೆ ಕೊಡ್ಲಾ, ಅಮ್ಮಂಗೆ ಕೊಡ್ಲಾ? ಯಾರಿಗೆ ಕೊಟ್ರೆ ಜಗಳ ಆಗಲ್ಲ?" ಅಂದಳು.

ಬೇರೆಯಾದ ಅಪ್ಪ ಅಮ್ಮ ಮಗುವನ್ನು ಸರದಿಯಲ್ಲಿ ಸಾಕುವ ಈ ಜಂಟಿ ಪಾಲನೆ ಹೊಸ ವಿಷಯವಲ್ಲ ಸರ್. ವರ್ಷದ ಮೊದಲ ಆರು ತಿಂಗಳು ಮಗು ಅಪ್ಪನ ಹತ್ತಿರ, ಉಳಿದ ಆರು ತಿಂಗಳು ಅಮ್ಮನ ಹತ್ತಿರ, ಖರ್ಚು ಸಮಪಾಲು ಎಂದು ನಮ್ಮ ಹೈಕೋರ್ಟ್ 2013ರಲ್ಲೇ ಒಂದು ಪ್ರಕರಣದಲ್ಲಿ ಹೇಳಿತ್ತು. ಜಂಟಿ ಪಾಲನೆ, ಮಕ್ಕಳ ಜೀವನಾಂಶ ಎರಡನ್ನೂ 1890ರ ಪೋಷಕರ ಕಾಯ್ದೆಗೆ ಸೇರಿಸಿ ಎಂದು ಭಾರತದ ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಹೇಳಿತು. ಇನ್ನೂ ಸೇರಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆದಾಯ, ಆಸ್ತಿ, ಸಾಲದ ಅಫಿಡವಿಟ್ ಕೊಡಲೇಬೇಕು ಎಂದಿತು. ತಾಯಿಗೂ ಸಾಕಷ್ಟು ದುಡಿಮೆ ಇದ್ದರೆ ಓದಿನ ಖರ್ಚನ್ನು ಅವರವರ ಆದಾಯಕ್ಕೆ ತಕ್ಕಂತೆ ಹಂಚಬಹುದು ಎಂದೂ ಹೇಳಿತು. ತಕ್ಕಂತೆ, ಸಮನಾಗಿ ಅಲ್ಲ. ನಮ್ಮಂತೆ ರಾಜಿಯಾಗಿ ಮುಗಿಸಿಕೊಂಡವರ ವಿಷಯದಲ್ಲಿ ಈ ಲೆಕ್ಕ ಯಾರು ನೋಡುತ್ತಾರೆ? ನಮ್ಮದನ್ನಂತೂ ಯಾರೂ ಕೇಳಲಿಲ್ಲ.

ಹೈಕೋರ್ಟಿನ ಜೊತೆ ಮಾತಾಡಿ, ಫ್ಯಾಮಿಲಿ ಕೋರ್ಟುಗಳಿಗೆ ಒಂದು ಪುಟದ ನಮೂನೆ ತರಿಸಿ. ಯಾರ ಸಂಬಳ ಎಷ್ಟು, ಮಗು ಎಲ್ಲಿ ಎಷ್ಟು ರಾತ್ರಿ ಮಲಗುತ್ತದೆ, ಫೀಸು ಕಟ್ಟುವವರು ಯಾರು, ಯಾವ ತಾರೀಖಿನೊಳಗೆ. ಅದು ತುಂಬದೆ ಜಂಟಿ ಪಾಲನೆಯ ರಾಜಿಗೆ ಸಹಿ ಬೀಳಬಾರದು. ಸಂಬಳ ಬದಲಾದರೆ ಲೆಕ್ಕವೂ ಬದಲಾಗಲಿ.

ನಾನೀಗ ಫೀಸಿನ ಮುಕ್ಕಾಲು ಭಾಗ ಕಟ್ಟುತ್ತಿದ್ದೇನೆ. ಆದೇಶದಲ್ಲಿ ಹಾಗಿಲ್ಲ. ನಾಳೆ ಏನೋ ಸಿಟ್ಟಿಗೆ ನಿಲ್ಲಿಸಿದೆ ಅಂತಿಟ್ಟುಕೊಳ್ಳಿ, ಅವಳ ಅಮ್ಮ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಬೇಕು. ಅಷ್ಟರಲ್ಲಿ ಜಾಮಿಟ್ರಿ ಬಾಕ್ಸಿನಲ್ಲಿ ಇನ್ನೊಂದು ಚೀಟಿ ಸೇರಿರುತ್ತದೆ.

ಇಂತಿ,
ಒಬ್ಬ ಅಪ್ಪ, ಬೆಂಗಳೂರು