ಹೆಸರು ಹೇಳದೆ ಹೋದವರಿಗೆ ಕೃತಜ್ಞತೆ

ಶ್ರವಣಯಂತ್ರ ಧರಿಸುವ ನನ್ನ ಮಗಳ ತರಗತಿಗೆ ಒಂದು ಮಧ್ಯಾಹ್ನ ಬಂದು, ಸುಮಾರು ಒಂದು ಗಂಟೆ ಮಕ್ಕಳೊಡನೆ ಕಳೆದು, ತಮ್ಮ ಹೆಸರನ್ನು ಎಲ್ಲಿಯೂ ಬರೆಯಬಾರದೆಂದು ಕೇಳಿಕೊಂಡು ಹೊರಟುಹೋದ ಆ ಹಿರಿಯರಿಗೆ ನನ್ನ ಹೃತ್ಪೂರ್ವಕ ಧನ್ಯವಾದಗಳು.

ಯಂತ್ರವಿದ್ದರೆ ಎಲ್ಲವೂ ಕೇಳಿಸುತ್ತದೆ ಎಂಬುದು ಶಿಕ್ಷಕರ ನಂಬಿಕೆಯಾಗಿತ್ತು. ನಿಜ ಹೇಳಬೇಕೆಂದರೆ, ನನ್ನದೂ ಅದೇ ಆಗಿತ್ತು. ಅದು ಮಾತನ್ನು ಮಾತ್ರವಲ್ಲದೆ ಬೆಂಚು ಎಳೆಯುವ ಸದ್ದನ್ನೂ ಹಿಗ್ಗಿಸುತ್ತದೆ, ಹೀಗಿರುವಾಗ ಕಪ್ಪುಹಲಗೆಯತ್ತ ತಿರುಗಿ ಪಾಠ ಹೇಳಿದರೆ ತುಟಿಚಲನೆಯ ಆಸರೆಯೂ ಮಗುವಿಗೆ ತಪ್ಪಿಹೋಗುತ್ತದೆ ಎಂದು ತಾವು ವಿವರಿಸಿದಿರಿ. ಮುಖದ ಮೇಲೆ ಬೆಳಕು ಬೀಳುವಂತೆ ನಿಂತು ಮಾತನಾಡುವುದಕ್ಕಾಗಲಿ, ಚರ್ಚೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಕೈಯೆತ್ತಿ ಹೇಳುವುದಕ್ಕಾಗಲಿ, ಕುರ್ಚಿಯ ಕಾಲುಗಳಿಗೆ ಬಟ್ಟೆ ಸುತ್ತುವುದಕ್ಕಾಗಲಿ ಹಣವೇನೂ ಬೇಕಿರಲಿಲ್ಲ.

"ಪಾಪ" ಎಂದ ಹುಡುಗನನ್ನು ತಾವು ಗದರಲಿಲ್ಲ. ಹಿಂದಿನಿಂದ ಕರೆದರೆ ಅವಳಿಗೆ ಗೊತ್ತಾಗುವುದು ಹೇಗೆ ಎಂದು ಅವನನ್ನೇ ಕೇಳಿದಿರಿ. ಎದುರಿಗೆ ಬಂದು ಕೈಬೀಸಬೇಕೆಂಬುದನ್ನು ಅವನೇ ಕಂಡುಕೊಂಡ. (ಈಗ ಇಡೀ ತರಗತಿಯೇ ಕೈಬೀಸಿ ಕರೆದುಕೊಳ್ಳುತ್ತದೆ, ಮಗಳು ರಜೆ ಹಾಕಿದ ದಿನವೂ.)

ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿಯು ಶಿಕ್ಷಣದ ಎಲ್ಲ ಹಂತಗಳಲ್ಲೂ ಇಂಥ ಮಕ್ಕಳನ್ನು ಒಳಗೊಳ್ಳಬೇಕೆಂದು ಹೇಳುತ್ತದೆ ಎಂಬುದನ್ನು ತಾವು ಮುಖ್ಯೋಪಾಧ್ಯಾಯರಿಗೆ ತಿಳಿಸಿಕೊಟ್ಟ ಮೇಲೆಯೇ, ಎರಡು ವರ್ಷಗಳಿಂದ ನಾನು ಅಂಗಲಾಚುತ್ತಿದ್ದ ಮುಂದಿನ ಸಾಲಿನ ಜಾಗ ಅವಳಿಗೆ ದೊರೆಯಿತು. ಕೂದಲಿನಿಂದ ಯಂತ್ರವನ್ನು ಮುಚ್ಚಿಕೊಳ್ಳುತ್ತಿದ್ದ ಹುಡುಗಿ ಕಳೆದ ವಾರ ಸಹಪಾಠಿಗಳ ಎದುರಿಗೇ ಅದನ್ನು ತೆಗೆದು, ಬ್ಯಾಟರಿ ಬದಲಿಸುವುದು ಹೇಗೆಂದು ತೋರಿಸಿಕೊಟ್ಟಳಂತೆ.