ಪರದೆ ಎಳೆಯಿರಿ, ಎರಡು ಮಾತಾಡಿ

ಮಾನ್ಯ ಸಂಪಾದಕರೇ,

ಹೋದ ತಿಂಗಳು ಅಮ್ಮನ ಸೊಂಟದ ಮೂಳೆ ಮುರಿದು ಕೋಲಾರದ ಒಂದು ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದೆವು. ಚಿಕಿತ್ಸೆಗೆ ಹೆಸರಿಡುವ ಹಾಗಿಲ್ಲ. ಆದರೆ ಬೆಳಿಗ್ಗೆ ರೌಂಡ್ಸಿಗೆ ಬಂದವರು ಹತ್ತು ಹನ್ನೆರಡು ವಿದ್ಯಾರ್ಥಿಗಳ ಮುಂದೆ, ಪರದೆಯನ್ನೂ ಎಳೆಯದೆ ಹೊದಿಕೆ ಸರಿಸಿ, ಇಂಗ್ಲಿಷಿನಲ್ಲೇ ಮಾತಾಡಿಕೊಂಡು ಹೋಗಿಬಿಟ್ಟರು. ಅಮ್ಮನಿಗೆ ಬರುವುದು ತೆಲುಗು, ಸ್ವಲ್ಪ ಕನ್ನಡ. ಕಾಲು ತೆಗೀತಾರಾ ಅಂತ ಮಧ್ಯಾಹ್ನದವರೆಗೂ ಅತ್ತರು.

ಸಂಜೆ ನರ್ಸಿಂಗ್ ಓದುವ ಹುಡುಗಿಯೊಬ್ಬಳು ಮಂಚದ ಪಕ್ಕ ಕೂತು, ‘ಅವ್ವಾ’ ಅಂತ ಕರೆದು, ತೆಲುಗಿನಲ್ಲೇ ಎಲ್ಲ ಹೇಳಿದಳು. ಎರಡು ನಿಮಿಷ ಆಗಿರಬಹುದು. ಅಮ್ಮ ಆಮೇಲೆ ಊಟ ಮಾಡಿದರು.

2019ರಿಂದ ಎಂಬಿಬಿಎಸ್‌ನಲ್ಲಿ ನಡವಳಿಕೆ, ನೀತಿ, ರೋಗಿಯ ಜೊತೆ ಮಾತಾಡುವ ಬಗೆ ಕಲಿಸುವ ‘ಎಟ್‌ಕಾಮ್’ ಪಾಠ ಬಂದಿದೆ. ಒಳ್ಳೆಯದೇ. ಆದರೆ ಕ್ಲಾಸಲ್ಲಿ ಕೇಳಿದ್ದಕ್ಕಿಂತ ವಾರ್ಡಲ್ಲಿ ದೊಡ್ಡ ಡಾಕ್ಟರು ಹೇಗೆ ನಡೆದುಕೊಳ್ಳುತ್ತಾರೋ ಅದನ್ನೇ ಮಕ್ಕಳು ಜಾಸ್ತಿ ಕಲಿಯುವುದು, ಅಲ್ವಾ? (ರಾತ್ರಿಯೆಲ್ಲ ಡ್ಯೂಟಿ ಮಾಡಿದವರ ಹತ್ತಿರ ನಗು ಕೇಳುವುದು ಕಷ್ಟ, ಅದೂ ಗೊತ್ತು.) ರೌಂಡ್ಸ್ ಮುಗಿಸುವಾಗ ರೋಗಿಯ ಭಾಷೆಯಲ್ಲಿ ಎರಡು ಮಾತು ಹೇಳುವುದನ್ನು ಹಿರಿಯರೇ ಶುರು ಮಾಡಲಿ. ಪರದೆ ಹೇಗೂ ಅಲ್ಲೇ ನೇತಾಡ್ತಿರುತ್ತೆ.

– ಒಬ್ಬ ಓದುಗ, ಮುಳಬಾಗಿಲು